ಗುರುತಿಲ್ಲದ ಕೆರೆಗೆ ಗಾಳ ಹಾಕುವ ಮೊದಲು: ಮಿನ್ನೆಸೋಟಾದ ಲೇಕ್‌ಫೈಂಡರ್ ಹೇಗಿದೆ?

ಲೇಕ್‌ಫೈಂಡರ್‌ನಿಂದ ನನಗಾದ ದೊಡ್ಡ ಉಪಕಾರವೆಂದರೆ, ಎಷ್ಟೋ ಕೆರೆಗಳಿಗೆ ನಾನು ಹೋಗದೇ ಉಳಿದದ್ದು. ಅಮೆರಿಕದ ಮಿನ್ನೆಸೋಟಾ ರಾಜ್ಯ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಇಲ್ಲಿಯವರ ಬಾಯಲ್ಲಿ ಬರೀ ಡಿಎನ್‌ಆರ್, ನಡೆಸುವ ಸೇವೆ ಇದು. ಕಾಸು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಕೆರೆಯ ಹೆಸರು ಹಾಕಿದರೆ ಆ ಕೆರೆಯ ಜಾತಕವೇ ತೆರೆದುಕೊಳ್ಳುತ್ತದೆ: ಬಲೆ ಹಾಕಿ ಎಣಿಸಿದ ಮೀನಿನ ಲೆಕ್ಕ, ಯಾವ ವರ್ಷ ಎಷ್ಟು ಮರಿ ಬಿಟ್ಟರು, ಆಳದ ನಕ್ಷೆ, ನೀರಿನ ತಿಳಿ, ದೋಣಿ ಇಳಿಸುವ ಜಾಗ, ಆ ಕೆರೆಗೆ ಮಾತ್ರ ಇರುವ ನಿಯಮ, ಅಲ್ಲಿಯ ಮೀನನ್ನು ವಾರಕ್ಕೆಷ್ಟು ಸಲ ತಿನ್ನಬಹುದು ಎನ್ನುವುದರ ತನಕ.

ನಾನಿರುವುದು ಟ್ವಿನ್ ಸಿಟೀಸ್, ಅಂದರೆ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರಗಳ ಕಡೆ. ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ ನನ್ನದು, ಜೊತೆಗೆ ಬರುವವರು ನನ್ನ ಭಾವ. ಕುಂದಾಪುರದವರು, ಅಳಿವೆಯಲ್ಲಿ ಗಾಳ ಹಾಕಿ ಬೆಳೆದವರು. ಒಮ್ಮೆ ಹೋದ ಕೆರೆಗೆ ಇನ್ನೊಮ್ಮೆ ಹೋಗುವುದೆಂದರೆ ಅವರಿಗೆ ಬೇಜಾರು. ಹಾಗಾಗಿ ಪ್ರತಿ ವಸಂತಕ್ಕೂ ಹೊಸ ಕೆರೆ ಹುಡುಕುವ ಕೆಲಸ ನನ್ನ ತಲೆಗೆ. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಗುರುತು ಹಾಕಿಕೊಳ್ಳುವುದನ್ನು ನೋಡಿ ಅವರ ಮಾಮೂಲಿ ಮಾತು ಒಂದಿದೆ: "ಹ್ವಾಯ್, ಮೀನ್ ಹಿಡುಕ್ ಹೊರಟದ್ದಾ, ಪರೀಕ್ಷಿ ಬರುಕ್ ಹೊರಟದ್ದಾ?"

ಪರೀಕ್ಷೆಯೇ ಅನ್ನಿ. ಈ ರಾಜ್ಯದಲ್ಲಿ ಹತ್ತು ಎಕರೆಗೆ ಮೇಲ್ಪಟ್ಟ ಕೆರೆಗಳೇ 11,842. ಅವುಗಳಲ್ಲಿ ಒಳನಾಡಿನ ಕೆರೆಗಳಿಗೆ ವಾಲೈ ಎಂಬ ಮೀನಿನ ಹಂಗಾಮು ಶುರುವಾಗುವುದು ಸಾಮಾನ್ಯವಾಗಿ ಮೇ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ರಜೆಯ ವಾರಾಂತ್ಯಕ್ಕೆ ಎರಡು ವಾರ ಮುಂಚಿನ ಶನಿವಾರ, ನಡುರಾತ್ರಿ ಹನ್ನೆರಡು ದಾಟಿದ ಕೂಡಲೇ. ಅದಕ್ಕೂ ಮೊದಲು ಗಾಳ ಹಾಕಲೇಬೇಕೆಂದು ಕೈ ತುರಿಸುವವರು ರೆಡ್ ವಿಂಗ್ ಬಳಿ ಮಿಸಿಸಿಪ್ಪಿ ನದಿಗೆ ಹೋಗುತ್ತಾರೆ. ಅದು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಗಡಿಯ ನೀರು, ಅಲ್ಲಿ ವರ್ಷವಿಡೀ ವಾಲೈ ಹಿಡಿಯಬಹುದು. ನಮಗೆ ನದಿಯ ಸೆಳೆತದಲ್ಲಿ ದೋಣಿ ನಿಲ್ಲಿಸುವ ತಾಪತ್ರಯ ಬೇಡ, ಮೇ ತಿಂಗಳ ಕೆರೆಯೇ ಸಾಕು.

ಮೊದಲ ತೊಡಕು ಹೆಸರಿನದು. ಲಾಂಗ್ ಲೇಕ್, ಮಡ್ ಲೇಕ್, ರೈಸ್ ಲೇಕ್ ಎನ್ನುವ ಹೆಸರಿನ ಕೆರೆಗಳು ಇಲ್ಲಿ ಊರಿಗೊಂದು. ಬೇಟೆಯ ಸುದ್ದಿ ಹೇಳುವವನು "ಲಾಂಗ್ ಲೇಕಲ್ಲಿ ಸಿಕ್ಕಾಪಟ್ಟೆ ಕಚ್ಚಿತು" ಅಂದರೆ ಅವನು ಏನನ್ನೂ ಹೇಳಲಿಲ್ಲವೆಂದೇ ಲೆಕ್ಕ. ಡಿಎನ್‌ಆರ್ ಇದಕ್ಕೆ ಪ್ರತಿ ಕೆರೆಗೂ ಎಂಟಂಕಿಯ ಸಂಖ್ಯೆ ಕೊಟ್ಟಿದೆ. ಮೊದಲ ಎರಡಂಕಿ ಕೌಂಟಿಯದು (ನಮ್ಮ ಜಿಲ್ಲೆಯಂಥದು), ಇಂಗ್ಲಿಷ್ ಅಕಾರಾದಿಯಲ್ಲಿ: ಐಟ್ಕಿನ್ 01, ಕ್ಯಾಸ್ 11, ಕ್ರೋ ವಿಂಗ್ 18, ಇಟಾಸ್ಕಾ 31, ಆಟರ್ ಟೇಲ್ 56. ಲೀಚ್ ಲೇಕ್ 11-0203-00, ಮಿಲ್ ಲ್ಯಾಕ್ಸ್ 48-0002-00. ನಾನೀಗ ಯಾರಾದರೂ ಕೆರೆಯ ಹೆಸರು ಹೇಳಿದರೆ ಕೌಂಟಿ ಕೇಳಿ, ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಇನ್ನು ಬಲೆಯ ಲೆಕ್ಕ. ಪುಟ ತೆರೆದವರೆಲ್ಲ ನೇರ ಇಲ್ಲಿಗೇ ಬರುತ್ತಾರೆ, ಅರ್ಧ ಜನ ತಪ್ಪಾಗಿ ಓದಿಕೊಂಡು ಹೋಗುತ್ತಾರೆ. ಇಲಾಖೆಯವರು ಹಾಕುವ ಕಿವಿರುಬಲೆ (ಗಿಲ್‌ನೆಟ್) 250 ಅಡಿ ಉದ್ದ, 6 ಅಡಿ ಎತ್ತರ. ಅದರಲ್ಲಿ ಐದು ತುಂಡು, ಒಂದೊಂದಕ್ಕೂ ಬೇರೆ ಅಳತೆಯ ಕಣ್ಣು, ಮುಕ್ಕಾಲು ಇಂಚಿನಿಂದ ಎರಡು ಇಂಚಿನವರೆಗೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಕೋಷ್ಟಕದಲ್ಲಿ ಕಾಣುವುದು ಒಂದು ಬಲೆಗೆ ಸರಾಸರಿ ಎಷ್ಟು ಸಿಕ್ಕಿತು ಎನ್ನುವ ಅಂಕಿ. ಅದರ ಪಕ್ಕದಲ್ಲೇ "ಸಾಮಾನ್ಯ ವ್ಯಾಪ್ತಿ" ಎಂಬ ಇನ್ನೊಂದು ಅಂಕಣವಿದೆ. ಅದೇ ಬಗೆಯ ಬೇರೆ ಕೆರೆಗಳಲ್ಲಿ ಎಷ್ಟು ಸಿಗುತ್ತದೆ ಎಂದು ಹೇಳುವ ಅಂಕಣ ಅದು. ಈ ಎರಡನ್ನೂ ಒಟ್ಟಿಗೆ ಓದದಿದ್ದರೆ ಪ್ರಯೋಜನವಿಲ್ಲ. ಬಲೆಗೆ 5 ವಾಲೈ ಎನ್ನುವುದು ಒಂದು ಬಗೆಯ ಕೆರೆಗೆ ಸಮೃದ್ಧಿ, ಇನ್ನೊಂದಕ್ಕೆ ಬರಗಾಲ. ಅದೇ ಪುಟದಲ್ಲಿ ಟ್ರ್ಯಾಪ್‌ನೆಟ್‌ನ ಲೆಕ್ಕವೂ ಇರುತ್ತದೆ. ಅದು ದಡದ ಹತ್ತಿರ ಹಾಕುವ ಬಲೆ, ಬ್ಲೂಗಿಲ್, ಕ್ರಾಪಿಯಂಥ ಮೀನುಗಳನ್ನು ಅಳೆಯಲು. ಅದರಲ್ಲಿ ವಾಲೈ ಕಡಿಮೆ ಕಂಡರೆ ಗಾಬರಿಯಾಗಬೇಕಿಲ್ಲ.

ನಾನು ಅದಕ್ಕಿಂತ ಹೆಚ್ಚು ಹೊತ್ತು ನೋಡುವುದು ಉದ್ದದ ಕೋಷ್ಟಕವನ್ನು. ಹನ್ನೆರಡಿಂಚಿನೊಳಗೆ ಎಷ್ಟು, ಹನ್ನೆರಡರಿಂದ ಹದಿನಾಲ್ಕರವರೆಗೆ ಎಷ್ಟು, ಇಪ್ಪತ್ತು ದಾಟಿದ್ದು ಎಷ್ಟು ಎಂದು ಸಾಲಾಗಿ ಕೊಟ್ಟಿರುತ್ತಾರೆ. ಬಲೆಗೆ ಸಿಕ್ಕ ವಾಲೈ ಬಹಳ, ಆದರೆ ಎಲ್ಲವೂ ಹತ್ತಿಂಚು, ಹನ್ನೊಂದಿಂಚು ಎಂದಿದ್ದರೆ ಆ ಕೆರೆ ಈ ವರ್ಷಕ್ಕಲ್ಲ. ಸಮೀಕ್ಷೆ ಮೂರು ವರ್ಷ ಹಳೆಯದಾಗಿದ್ದರೆ ಅದೇ ಮೀನು ಈಗ ಹದಿನೈದಿಂಚಿನ ಆಸುಪಾಸಿಗೆ ಬಂದಿರುತ್ತದೆ, ಬಾಣಲೆಗೆ ಹೇಳಿ ಮಾಡಿಸಿದ ಗಾತ್ರ. ಹಳೆಯ ಸಮೀಕ್ಷೆಯನ್ನು ಬೈಯುವವರಿದ್ದಾರೆ. ನನಗೆ ಎಷ್ಟೋ ಸಲ ಹಳೆಯದೇ ಹೆಚ್ಚು ಕೆಲಸಕ್ಕೆ ಬಂದಿದೆ, ಏಕೆಂದರೆ ಅದರಲ್ಲಿ ಕಂಡ ಮರಿಗಳು ಬೆಳೆಯಲು ಸಮಯ ಸಿಕ್ಕಿರುತ್ತದೆ.

ಅದರ ಜೊತೆಗೇ ಮರಿ ಬಿಟ್ಟ ಪಟ್ಟಿ ಓದಬೇಕು. ವಸಂತದಲ್ಲಿ ವಿನಿಬಿಗೋಶಿಶ್ ಕೆರೆಗೆ ಸೇರಿದ ಕಟ್ ಫುಟ್ ಸೂ, ವರ್ಮಿಲಿಯನ್ ಕೆರೆಯ ಪೈಕ್ ರಿವರ್ ಇಂಥ ಕಡೆ ಇಲಾಖೆಯವರು ಮೊಟ್ಟೆಗೆ ಬಂದ ವಾಲೈಗಳನ್ನು ತಡೆದು ಮೊಟ್ಟೆ ಹಿಂಡಿ, ಮರಿ ಮಾಡಿಸಿ ಬೇರೆ ಕೆರೆಗಳಿಗೆ ಬಿಡುತ್ತಾರೆ. ಆಗಷ್ಟೇ ಒಡೆದ ಸೊಳ್ಳೆಯಂಥ ಮರಿಗಳನ್ನು ಬಿಡುವುದು ವಸಂತದಲ್ಲೇ, ಲಕ್ಷಗಟ್ಟಲೆ. ಬೆರಳುದ್ದದವನ್ನು ಬಿಡುವುದು ಶರತ್ಕಾಲದಲ್ಲಿ. ಎಷ್ಟೋ ಕೆರೆಗೆ ವರ್ಷ ಬಿಟ್ಟು ವರ್ಷ ಬಿಡುತ್ತಾರೆ. ಇಲ್ಲಿ ಒಂದು ಸಣ್ಣ ಪತ್ತೇದಾರಿಕೆ ಉಂಟು: ಮರಿ ಬಿಡದ ವರ್ಷದಲ್ಲಿ ಹುಟ್ಟಿದ ಮೀನೂ ಸಮೀಕ್ಷೆಯಲ್ಲಿ ಸಿಕ್ಕಿದ್ದರೆ, ಆ ಕೆರೆಯಲ್ಲಿ ವಾಲೈ ತಾನಾಗಿಯೇ ಮೊಟ್ಟೆಯಿಟ್ಟು ಬದುಕುತ್ತಿದೆ. ಅಂದರೆ ಅಲ್ಲೆಲ್ಲೋ ಒಳ್ಳೆಯ ಗರಸು ನೆಲವಿದೆ. ವಸಂತದ ಬೇಟೆಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ.

ಕೋಷ್ಟಕಗಳೆಲ್ಲ ಮುಗಿದ ಮೇಲೆ ಕೆಳಗೆ ಮೀನುಗಾರಿಕೆಯ ಸ್ಥಿತಿ ಎಂಬ ತಲೆಬರಹದಲ್ಲಿ ಒಂದೆರಡು ಪ್ಯಾರಾ ಬರಹ ಇರುತ್ತದೆ. ಆ ಭಾಗದ ಮೀನು ಕಚೇರಿಯ ಜೀವಶಾಸ್ತ್ರಜ್ಞರು ಬರೆದದ್ದು. ಜನ ಅಲ್ಲಿಯ ತನಕ ಇಳಿಯುವುದೇ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. "ಉತ್ತರ ಪೈಕ್ ಮೀನು ಸಣ್ಣವು ವಿಪರೀತ, ವಾಲೈ ಮರಿ ಉಳಿಯುತ್ತಿಲ್ಲ" ಎಂಬ ಅರ್ಥದ ಒಂದು ವಾಕ್ಯ ಸಿಕ್ಕಿದರೆ ಆ ಪುಟ ಅಲ್ಲಿಗೇ ಮುಚ್ಚಿತು. ಬಹುಪಾಲು ಕೆರೆಗಳು ನನ್ನ ಪಟ್ಟಿಯಿಂದ ಹಾರಿಹೋಗುವುದು ಇಂಥ ವಾಕ್ಯಗಳಿಂದಲೇ.

ಈಗ ಆಳದ ನಕ್ಷೆ. ಮೇ ಮೊದಲ ವಾರಗಳಲ್ಲಿ ವಾಲೈ ಎಲ್ಲಿರುತ್ತದೆ ಎಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ನೀರಿನ ಉಷ್ಣಾಂಶ ಹೇಳುತ್ತದೆ. ಐಸ್ ಕರಗಿ ನೀರು ಸುಮಾರು 42ರಿಂದ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದಾಗ ಅದು ಮೊಟ್ಟೆಯಿಡುತ್ತದೆ, ಕೆಲವೇ ಅಡಿ ನೀರಿನಲ್ಲಿ, ರಾತ್ರಿ ಹೊತ್ತು. ಗೂಡು ಗೀಡು ಏನೂ ಇಲ್ಲ, ಕಲ್ಲು ಗರಸಿನ ಮೇಲೆ ಚೆಲ್ಲಿಬಿಡುವುದಷ್ಟೆ. ಹೆಣ್ಣು ಬಂದ ಕೆಲಸ ಮುಗಿಸಿ ಆಳಕ್ಕೆ ಹೊರಟುಬಿಡುತ್ತದೆ. ಗಂಡುಗಳು ಮಾತ್ರ ಎಲ್ಲರಿಗಿಂತ ಮೊದಲು ಬಂದು, ಎಲ್ಲ ಮುಗಿದ ಮೇಲೂ ಅಲ್ಲೇ ಸುತ್ತುತ್ತಿರುತ್ತವೆ. ಹಂಗಾಮಿನ ಮೊದಲ ದಿನ ನಮ್ಮ ಗಾಳಕ್ಕೆ ಬೀಳುವುದು ಹೆಚ್ಚಾಗಿ ಈ ಗಂಡುಗಳೇ, ಹದಿನಾಲ್ಕು ಹದಿನಾರು ಇಂಚಿನವು. ಹಾಗಾಗಿ ನಕ್ಷೆಯಲ್ಲಿ ನಾನು ಹುಡುಕುವುದು ಇಷ್ಟು: ತೊರೆ ಬಂದು ಸೇರುವ ಬಾಯಿ, ಎರಡು ಕೆರೆಗಳನ್ನು ಕೂಡಿಸುವ ಕಿರಿದಾದ ಕೊರಕಲು, ಗಾಳಿ ಬಂದು ಬಡಿಯುವ ಕಲ್ಲಿನ ದಡ. ಇವುಗಳಿಗೆ ಹತ್ತಿರದಲ್ಲೇ ನೆಲ ಹತ್ತು ಹದಿನೈದು ಅಡಿಗೆ ಇಳಿಯಬೇಕು. ರೇಖೆಗಳು ಒತ್ತೊತ್ತಾಗಿ ಬಂದಲ್ಲಿ ಇಳಿಜಾರು ಕಡಿದು, ದೂರ ದೂರ ಇದ್ದಲ್ಲಿ ತಟ್ಟೆಯಂಥ ನೆಲ. ದಕ್ಷಿಣದ ಬಿಸಿಲು ಚೆನ್ನಾಗಿ ಬೀಳುವ ಉತ್ತರ ದಿಕ್ಕಿನ ಕೊಲ್ಲಿಗಳು ಮೊದಲು ಬೆಚ್ಚಗಾಗುತ್ತವೆ. ಅಲ್ಲಿಗೆ ಸಣ್ಣ ಮೀನು ಬರುತ್ತದೆ, ಅದರ ಹಿಂದೆ ವಾಲೈ.

ಇಂಥ ಜಾಗ ನಕ್ಷೆಯಲ್ಲಿ ಒಂದೇ ಒಂದು ಇದ್ದರೆ ಆ ಕೆರೆ ನಮಗೆ ಬೇಡ. ಹಂಗಾಮಿನ ಮೊದಲ ದಿನ ಅಲ್ಲಿ ಇಪ್ಪತ್ತು ದೋಣಿ ನಿಂತಿರುತ್ತವೆ. ಎರಡು ಮೂರು ಕಡೆ ಇದ್ದು, ಗಾಳಿ ದಿಕ್ಕು ಬದಲಿಸಿದರೂ ಇನ್ನೊಂದಕ್ಕೆ ಹೋಗಬಹುದು ಎಂದಿದ್ದರೆ ಮಾತ್ರ ಕೊನೆಯ ಪಟ್ಟಿಗೆ.

ಕೊರತೆಗಳೂ ಇವೆ, ಅವನ್ನು ಮರೆಮಾಚುವುದು ಸರಿಯಲ್ಲ. ಈ ಬಲೆಗಳೆಲ್ಲ ಬಹುಮಟ್ಟಿಗೆ ಬೇಸಿಗೆಯಲ್ಲಿ ಹಾಕಿದವು. ಜುಲೈ ತಿಂಗಳಿನ ಮೀನು ಎಲ್ಲಿ ನಿಂತಿತ್ತು ಎನ್ನುವುದಕ್ಕೂ ಮೇ ತಿಂಗಳಿಗೂ ಸಂಬಂಧವಿಲ್ಲ. ಕೆರೆಯಲ್ಲಿ ಮೀನು ಇದೆಯೇ ಎಂಬುದಕ್ಕೆ ಉತ್ತರ ಸಿಗುತ್ತದೆ, ಈ ಶನಿವಾರ ಯಾವ ಮೂಲೆಯಲ್ಲಿ ಎಂಬುದಕ್ಕೆ ಇಲ್ಲ. ಮಿಲ್ ಲ್ಯಾಕ್ಸ್, ಲೀಚ್, ವಿನಿಬಿಗೋಶಿಶ್, ವರ್ಮಿಲಿಯನ್, ರೈನಿ ಇಂಥ ದೊಡ್ಡವನ್ನು ವರ್ಷ ವರ್ಷವೂ ಅಳೆಯುತ್ತಾರೆ. ಸಣ್ಣ ಕೆರೆಗಳ ಸರದಿ ಎಷ್ಟೋ ವರ್ಷಕ್ಕೊಮ್ಮೆ. ನಕ್ಷೆಗಳಲ್ಲಿ ಕೆಲವು ದಶಕಗಳ ಹಿಂದೆ ಆಳ ಅಳೆದು ಬರೆದವು, ಐದಡಿ ಹತ್ತಡಿಗೊಂದು ರೇಖೆ. ಆರಡಿಯ ನೀರಿನಲ್ಲಿ ಅಡಗಿದ ಕಾರಿನಷ್ಟು ದೊಡ್ಡ ಬಂಡೆ ಅದರಲ್ಲಿ ಕಾಣುವುದಿಲ್ಲ, ಪ್ರೊಪೆಲರ್‌ಗೆ ಮಾತ್ರ ಕಾಣುತ್ತದೆ.

ಹಾಗಿದ್ದರೆ ವರ್ಷಕ್ಕೆ ಚಂದಾ ಕಟ್ಟುವ ನಕ್ಷೆ ಆ್ಯಪ್ ತೆಗೆದುಕೊಳ್ಳಬಾರದೇ? ತೆಗೆದುಕೊಳ್ಳಿ, ಒಂದೊಂದಡಿಯ ರೇಖೆ ಸಿಗುತ್ತದೆ, ದೋಣಿ ಎಲ್ಲಿದೆ ಎಂದು ಜಿಪಿಎಸ್ ತೋರಿಸುತ್ತಲೇ ಇರುತ್ತದೆ. ನೀರಿಗಿಳಿದ ಮೇಲೆ ನಾನೂ ಅದನ್ನೇ ನೋಡುವುದು. ಆದರೆ ಯಾವ ಕೆರೆಗೆ ಹೋಗಬೇಕು ಎನ್ನುವಲ್ಲಿ ಅಂಥ ಆ್ಯಪ್ ಮೂಗ. ಮೀನೇ ಇಲ್ಲದ ಕೆರೆಯ ತಳವನ್ನೂ ಅಷ್ಟೇ ಚೆಂದವಾಗಿ ಬರೆದು ಕೊಡುತ್ತದೆ.

ಐಸ್ ಯಾವಾಗ ಹೋಯಿತು ಎಂಬುದಕ್ಕೆ ಡಿಎನ್‌ಆರ್‌ನದೇ ಇನ್ನೊಂದು ಪುಟವಿದೆ, ಲೇಕ್‌ಫೈಂಡರ್ ಜೊತೆ ಅದನ್ನೂ ತೆರೆದಿಡಿ. ವರ್ಷದಿಂದ ವರ್ಷಕ್ಕೆ ಇದು ಆಕಾಶ ಭೂಮಿ ಅಂತರ. 2013ರಲ್ಲಿ ಹಂಗಾಮು ತೆರೆದ ದಿನ ಉತ್ತರದ ಎಷ್ಟೋ ಕೆರೆಗಳ ಮೇಲೆ ಐಸ್ ಇನ್ನೂ ಕೂತಿತ್ತು. 2024ರಲ್ಲಿ ದಕ್ಷಿಣದ ಬಹಳ ಕೆರೆಗಳು ಮಾರ್ಚ್ ತಿಂಗಳಲ್ಲೇ ತೆರೆದುಕೊಂಡಿದ್ದವು. ಐಸ್ ತಡವಾಗಿ ಹೋದ ವರ್ಷ ತೊರೆಯ ಬಾಯಿ, ಬೇಗ ಹೋದ ವರ್ಷ ಅದರಾಚೆಗಿನ ಮೊದಲ ಇಳಿಜಾರು. ನಮ್ಮ ಲೆಕ್ಕಾಚಾರ ಇಷ್ಟೇ ಸರಳ. ಕೊನೆಯ ಮಾತಿಗೆ ಮಾತ್ರ ಕೆರೆಗೆ ಹತ್ತಿರದ ಎರೆ ಅಂಗಡಿಗೆ ಗುರುವಾರ ಫೋನ್ ಮಾಡಬೇಕು. "ಮೀನು ಎಲ್ಲಿದೆ" ಎಂದು ಕೇಳಬೇಡಿ, ಯಾರೂ ಹೇಳುವುದಿಲ್ಲ. "ನೀರು ಎಷ್ಟು ಡಿಗ್ರಿ ಇದೆ, ಶೈನರ್ ಬಂದಿದೆಯಾ" ಎಂದು ಕೇಳಿ. ಸ್ಪಾಟ್‌ಟೇಲ್ ಶೈನರ್ ಎಂಬ ಬೆಳ್ಳಿ ಮರಿಮೀನಿಗೆ ವಸಂತದ ವಾಲೈ ಪ್ರಾಣ ಬಿಡುತ್ತದೆ, ಪೂರೈಕೆಯೋ ಯಾವಾಗಲೂ ಕಡಿಮೆ.

ನಿಯಮಗಳ ವಿಷಯದಲ್ಲಿ ಲೇಕ್‌ಫೈಂಡರ್‌ಗೆ ಪೂರ್ತಿ ಅಂಕ. 2024ರ ಪುಸ್ತಿಕೆಯಂತೆ ರಾಜ್ಯದ ಸಾಮಾನ್ಯ ಮಿತಿ ವಾಲೈ, ಅದರ ಹತ್ತಿರದ ಬಂಧು ಸಾಗರ್ ಮೀನು ಎರಡೂ ಸೇರಿ ಆರು, ಇಪ್ಪತ್ತಿಂಚಿಗೆ ಮೇಲಿನದು ಒಂದೇ. ಆದರೆ ಕೆರೆಗೊಂದು ವಿಶೇಷ ನಿಯಮ ಇದ್ದರೆ ಅದೇ ಮೇಲು, ಅದು ಪುಟದಲ್ಲೇ ಕಾಣುತ್ತದೆ. ಮಿಲ್ ಲ್ಯಾಕ್ಸ್‌ನದಂತೂ ಬೇರೆಯೇ ಕತೆ. 1837ರ ಒಪ್ಪಂದದ ಪ್ರಕಾರ ಒಜಿಬ್ವೆ ಎಂಬ ಮೂಲನಿವಾಸಿ ಬುಡಕಟ್ಟುಗಳಿಗೆ ಅಲ್ಲಿ ಮೀನು ಹಿಡಿಯುವ ಹಕ್ಕು ಉಂಟೆಂದು 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಹಕ್ಕಿನಿಂದಾಗಿ ರಾಜ್ಯಕ್ಕಿಷ್ಟು, ಬುಡಕಟ್ಟುಗಳಿಗಿಷ್ಟು ಎಂದು ಪಾಲು ಗೊತ್ತುಮಾಡುತ್ತಾರೆ, ನಿಯಮ ವರ್ಷ ವರ್ಷ ಬದಲಾಗುತ್ತದೆ. ಯಾರದೋ ಹಳೆಯ ಅನುಭವ ಕೇಳಿ ಅಲ್ಲಿಗೆ ಹೋಗಬೇಡಿ. ನೀರು ತೆರೆದಿರುವ ಕಾಲದಲ್ಲಿ ಒಳನಾಡಿನ ಕೆರೆಗಳಲ್ಲಿ ಒಬ್ಬರಿಗೆ ಒಂದೇ ಗಾಳ ಎನ್ನುವುದನ್ನು ಬೇರೆ ರಾಜ್ಯದಿಂದ ಬಂದವರು ಗಮನಿಸಿ. ಕೆರೆ ಬಿಡುವಾಗ ದೋಣಿಯ ತಳದ ಬಿರಡೆ ಕಿತ್ತು ನೀರು ಬಸಿಯಲೇಬೇಕು, ಬಿರಡೆ ಹಾಕಿಕೊಂಡು ರಸ್ತೆಗಿಳಿದರೆ ದಂಡ. ಎರೆಯ ಬಕೆಟ್ಟಿನ ಕೆರೆ ನೀರನ್ನೂ ಚೆಲ್ಲಿ ನಲ್ಲಿ ನೀರು ತುಂಬಿಕೊಳ್ಳಬೇಕು. ಜೀಬ್ರಾ ಮಸಲ್ ಎಂಬ ಚಿಪ್ಪು ಕೆರೆಯಿಂದ ಕೆರೆಗೆ ಹರಡುವುದು ಇಂಥ ನೀರಿನಲ್ಲೇ.

ಹಂಗಾಮು ತೆರೆಯುವ ವಾರಾಂತ್ಯವೇ ಸಾಮಾನ್ಯವಾಗಿ ಅಮ್ಮಂದಿರ ದಿನವೂ ಹೌದು. ಮಿನ್ನೆಸೋಟಾದಲ್ಲಿ ನೆಲೆಸಿದ ಅಮ್ಮಂದಿರಿಗೆ ಆಗ ಲೈಸೆನ್ಸ್ ಬೇಡ. ನಾನು 25 ಡಾಲರ್ ಕಟ್ಟಿ, ಏಪ್ರಿಲ್ ಪೂರ್ತಿ ಕೋಷ್ಟಕ ಓದಿ ಹೋಗುತ್ತೇನೆ. ನನ್ನ ಹೆಂಡತಿ ಪುಕ್ಕಟೆ ಬಂದು, ಕಂಬಳಿ ಹೊದ್ದು ಕೂತು, ದೊಡ್ಡದನ್ನು ಹಿಡಿಯುತ್ತಾಳೆ.

2024ರ ಮೇ 10ರ ರಾತ್ರಿ ನಾವು ಇದೇ ವಿಧಾನದಲ್ಲಿ ಆರಿಸಿದ ಕೆರೆಯೊಂದರಲ್ಲಿದ್ದೆವು. ಹೆಸರು ಹೇಳಲಾರೆ, ಕೌಂಟಿ ಕ್ಯಾಸ್ ಎಂಬಲ್ಲಿಗೆ ನಿಲ್ಲಿಸುತ್ತೇನೆ. ಆವತ್ತೇ ಆ ದೊಡ್ಡ ಸೌರ ಬಿರುಗಾಳಿ. ಹನ್ನೆರಡು ಹೊಡೆಯಲು ಕಾಯುತ್ತಾ ಕೂತವರ ತಲೆಯ ಮೇಲೆ ಧ್ರುವಪ್ರಭೆಯ ಹಸಿರು, ನೇರಳೆ, ಕೆಂಪು. ಭಾವ ಮಾತ್ರ ಬಗ್ಗಿಕೊಂಡೇ ಇದ್ದರು. ಶೈನರಿನ ಬಾಯೊಳಗೆ ಜಿಗ್ ಎಂಬ, ತಲೆಯಲ್ಲಿ ತೂಕದ ಗುಂಡಿರುವ ಕೊಕ್ಕೆ ತೂರಿಸಿ ನೆತ್ತಿಯ ಮೇಲೆ ಮೊನೆ ಹೊರಗೆ ತೆಗೆಯುವ ಕೆಲಸ, ಬೆರಳು ಮರಗಟ್ಟಿದಾಗ ಸುಲಭವಲ್ಲ. ಎಂಟನೇ ಒಂದು ಔನ್ಸಿನ ಜಿಗ್, ಎಂಟಡಿ ನೀರು. ನೆಲ ಮುಟ್ಟಿಸಿ ಒಂದು ಗೇಣು ಎತ್ತಿ, ಮತ್ತೆ ಬಿಡುವುದು. ವಾಲೈ ಕಚ್ಚಿದಾಗ ಎಳೆತ ಇರುವುದಿಲ್ಲ, ದಾರಕ್ಕೆ ಒದ್ದೆ ಎಲೆ ಸಿಕ್ಕಿಕೊಂಡಂತೆ ಭಾರ ಅಷ್ಟೆ. ಮೊದಲನೆಯದನ್ನು ದೋಣಿಯ ಪಕ್ಕಕ್ಕೆ ತಂದಾಗ ಹಣೆದೀಪದ ಬೆಳಕಿಗೆ ಅದರ ಕಣ್ಣು ಹೊಳೆಯಿತು. ಕತ್ತಲಲ್ಲೂ ಕಾಣಲೆಂದು ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರ ಇದಕ್ಕಿದೆ. ರಾತ್ರಿ ಬೇಟೆ, ಮೋಡದ ದಿನ, ಅಲೆಯೆದ್ದ ನೀರು ಇವೆಲ್ಲ ವಾಲೈಗೆ ಸರಿಬರುವುದು ಆ ಪದರದಿಂದಲೇ. ಹದಿನೈದಿಂಚಿನ ಗಂಡು, ನಾವು ಕೋಷ್ಟಕದಲ್ಲಿ ನೋಡಿದ್ದ ಗಾತ್ರವೇ. ಭಾವನಿಗೆ ತೋರಿಸಿದೆ. "ಪರೀಕ್ಷಿ ಪಾಸ್ ಅಂದೇಳಿ ಆಯ್ತ್" ಅಂದರು.

ತಿನ್ನುವ ಬಗ್ಗೆ ಒಂದು ಮಾತು. ಪಾದರಸದ ಕಾರಣಕ್ಕೆ ದೊಡ್ಡ ವಾಲೈ, ಅದರಲ್ಲೂ ಬಸುರಿಯರಿಗೆ, ಮಕ್ಕಳಿಗೆ ಒಳ್ಳೆಯದಲ್ಲ. ಯಾವ ಗಾತ್ರದ್ದನ್ನು ಎಷ್ಟು ತಿನ್ನಬಹುದೆಂಬ ಸಲಹೆಯೂ ಕೆರೆಯ ಪುಟದಿಂದಲೇ ಸಿಗುತ್ತದೆ. ಇಪ್ಪತ್ತು ದಾಟಿದ ಹೆಣ್ಣನ್ನು ನಾವು ಹೇಗೂ ನೀರಿಗೇ ಬಿಡುತ್ತೇವೆ. ಸಣ್ಣದಕ್ಕೆ ಉಪ್ಪು, ಖಾರ, ಹುಳಿ ಹಚ್ಚಿ ರವೆಯಲ್ಲಿ ಹೊರಳಿಸಿ ಕಾಯಿಸಿದರೆ ಮುಳ್ಳಿನ ಕಾಟವೂ ಇಲ್ಲ.

ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಕಡಿಮೆ ಮಾಡಿದ್ದು ಹಳೆಯ ನಕ್ಷೆಗಳಿಗಾಗಿ. ಗೈಡ್ ಇಟ್ಟುಕೊಂಡು ಹೋಗುವವರಿಗೆ ಇದು ಬೇಕಿಲ್ಲ, ಒಂದೇ ಕೆರೆಗೆ ಜೀವಮಾನವಿಡೀ ಹೋಗುವವರಿಗೂ ಬೇಕಿಲ್ಲ. ಗುರುತಿಲ್ಲದ ಊರಿಗೆ ಸ್ವಂತ ದೋಣಿ ಎಳೆದುಕೊಂಡು ಹೋಗುವವರು ಮಾತ್ರ ಮಾರ್ಚ್‌ನಲ್ಲೇ ಓದಲು ಶುರು ಮಾಡಿ. ಆರಿಸಿದ ಕೆರೆಯ ನಕ್ಷೆ, ಮರಿ ಬಿಟ್ಟ ಪಟ್ಟಿ, ವಿಶೇಷ ನಿಯಮ ಮೂರನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಉತ್ತರದ ಕಾಡಿನಲ್ಲಿ ದೋಣಿ ಇಳಿಸುವ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ.